ಹಿರಿಯರ ಧ್ವನಿ ಅಳಿಸಿಹೋಗದಿರಲಿ

ತಮಿಳುನಾಡಿನ ಅವಿನಾಶಿ ಪುರಾತನ ಶಿವಕ್ಷೇತ್ರ. ಹರಿಹರನ ರಗಳೆಯ ಮೂಲಕ ಕನ್ನಡಿಗರು ನಂಬಿಯಣ್ಣನೆಂದು ಬಲ್ಲ ಸುಂದರಮೂರ್ತಿ ನಾಯನಾರರು, ಮೊಸಳೆ ನುಂಗಿದ್ದ ಬಾಲಕನನ್ನು ಅಲ್ಲಿ ಹಾಡಿನಿಂದಲೇ ಮರಳಿ ತರಿಸಿದರೆಂಬುದು ಐತಿಹ್ಯ. 2009ರ ವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಈ ಊರು ಈಗ ತಿರುಪ್ಪೂರು ಜಿಲ್ಲೆಗೆ ಸೇರಿದೆ. ಕಾಸರಗೋಡಿನ ಕನ್ನಡಿಗರಾದ ನಾವು ಆ ಸೀಮೆಯ ಬಗ್ಗೆ ಅರಿಯಬೇಕಾದ ಇನ್ನೊಂದು ಸಂಗತಿಯೂ ಇದೆ. ಆ ಎರಡೂ ಜಿಲ್ಲೆಗಳ ದೇವಾಂಗ ನೇಕಾರರಲ್ಲಿ ಅನೇಕರ ಮನೆಮಾತು ಕನ್ನಡ. ಶಾಲೆಯಲ್ಲಿ ಕಲಿಯುವುದು ತಮಿಳು, ಸಂತೆ-ಕಚೇರಿಗಳ ವ್ಯವಹಾರವೂ ತಮಿಳು. ಕನ್ನಡ ಉಳಿದಿರುವುದು ಅಡುಗೆಮನೆಯಲ್ಲಿ, ಮಗ್ಗದ ಬಳಿಯಲ್ಲಿ, ಹಿರಿಯರ ಬಾಯಲ್ಲಿ. ಕನ್ನಡ ಲಿಪಿಯನ್ನು ಓದಬಲ್ಲವರು ವಿರಳ.

ಬರೆಹವಿಲ್ಲದ ಮಾತಿಗೆ ಕಂಠವೇ ಗ್ರಂಥ. ಆ ಕಂಠವನ್ನು ಹಿಡಿದಿಡಲು ಇಂದು ಮೊಬೈಲು ಸಾಕು. ಆದರೆ ಅಜ್ಜಿಯ ಹಾಡನ್ನು ಮುದ್ರಿಸಿಕೊಂಡ ಮೊಮ್ಮಗ ಕೆಲಕಾಲದ ಬಳಿಕ ಕಂಪ್ಯೂಟರಿನಲ್ಲಿ ತೆರೆಯಹೊರಟರೆ, "ಫೈಲು ಕೆಟ್ಟಿದೆ" ಎಂಬ ಒಂದು ಸಾಲಿನ ಉತ್ತರ ಬರುವುದುಂಟು. ಅಜ್ಜಿ ಆಗಲೇ ತೀರಿಕೊಂಡಿದ್ದರೆ? ಇದು ಅವಿನಾಶಿಯ ಮನೆಗಳ ಚಿಂತೆ ಮಾತ್ರವಲ್ಲ. ನಮಗೆ ಕನ್ನಡ ಶಾಲೆಗಳಿವೆ, ಪತ್ರಿಕೆಗಳಿವೆ, ನಿಜ. ಆದರೆ ಕುಂಬಳೆ ಸೀಮೆಯ ಹವ್ಯಕ ಮನೆಮಾತು, ಮದುವೆಯ ಶೋಭಾನೆ, ಹಳೆಯ ತಾಳಮದ್ದಳೆಯ ಕ್ಯಾಸೆಟ್ಟು ಇವೆಲ್ಲ ಯಾವ ಪಠ್ಯಪುಸ್ತಕದಲ್ಲಿವೆ?

ಆದುದರಿಂದ ಮೊದಲಿಗೆ ಹೇಳಬೇಕಾದ ಮಾತು ಇದು: ತೆರೆಯದ ಫೈಲನ್ನು ಅಳಿಸಬಾರದು. ಕೆಟ್ಟಿದೆ ಎಂದ ಮಾತ್ರಕ್ಕೆ ಧ್ವನಿ ನಾಶವಾಯಿತೆಂದು ಅರ್ಥವಲ್ಲ. ಅನೇಕ ವೇಳೆ ಕೆಟ್ಟಿರುವುದು ಪುಸ್ತಕವಲ್ಲ, ಅದರ ಮುಖಪುಟ. ವೇವ್ ಎಂಬ ಬಗೆಯ ಫೈಲಿನ ಆರಂಭದಲ್ಲಿ ಸಾಮಾನ್ಯವಾಗಿ 44 ಬೈಟುಗಳಷ್ಟು ಚಿಕ್ಕ ವಿವರವಿರುತ್ತದೆ. ಮುದ್ರಣ ಎಷ್ಟು ಉದ್ದ, ಯಾವ ವೇಗದ್ದು ಎಂಬುದನ್ನು ತಿಳಿಸುವ ಭಾಗವದು. ಮುದ್ರಣದ ನಡುವೆ ಬ್ಯಾಟರಿ ಮುಗಿದರೆ ಉದ್ದದ ಲೆಕ್ಕ ಬರೆಯದೆ ಉಳಿಯಬಹುದು. ಆಗ ಯಂತ್ರ ಫೈಲನ್ನು ಬರಿದೆಂದು ಬಗೆಯುತ್ತದೆ. ಅಜ್ಜಿಯ ಹಾಡು ಒಳಗೇ ಇರುತ್ತದೆ.

ಇಂಥದನ್ನು ಸರಿಪಡಿಸಲು ದುಬಾರಿ ಸಲಕರಣೆ ಬೇಡ. 2000ದಲ್ಲಿ ಹೊರಬಂದ ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಮೊದಲು ಕೆಟ್ಟ ಫೈಲಿನ ಒಂದು ಪ್ರತಿ ಮಾಡಿ, ಮೂಲವನ್ನು ಮುಟ್ಟದೆ ಇಡಬೇಕು. ಬಳಿಕ ಪ್ರತಿಯನ್ನು ಆಡಾಸಿಟಿಯ ಇಂಪೋರ್ಟ್ ಪಟ್ಟಿಯಲ್ಲಿರುವ "ರಾ ಡೇಟಾ" ಎಂಬ ದಾರಿಯಿಂದ ತೆರೆಯಬೇಕು. 16 ಬಿಟ್, ಒಂದು ಚಾನೆಲ್, 44,100 ಹರ್ಟ್ಸ್ ಎಂದು ಕೊಟ್ಟು ನೋಡಬಹುದು. ಧ್ವನಿ ಕೀಚಲಾಗಿ ಓಡಿದರೆ ಕೊಟ್ಟ ವೇಗ ಹೆಚ್ಚಾಯಿತು; ಗೊಗ್ಗರಾಗಿ ಎಳೆದರೆ ಕಡಿಮೆಯಾಯಿತು. ಬರೀ ಭುಸುಗುಟ್ಟಿದರೆ ಆರಂಭದ ಸ್ಥಾನವನ್ನು ಒಂದು ಬೈಟು ಸರಿಸಿ ಪುನಃ ನೋಡಬೇಕು.

ಒತ್ತಿ ಕಿರಿದುಮಾಡಿದ ಫೈಲುಗಳಿಗೆ ಈ ಉಪಾಯ ನಡೆಯದು. ಎಂಪಿ3 ಸಣ್ಣ ಸಣ್ಣ ತುಂಡುಗಳ ಸರಪಳಿ. ಒಂದು ಕೊಂಡಿ ಕೆಟ್ಟರೂ ಉಳಿದವು ನುಡಿಯಬಹುದು. ಒಂದು ತಂತ್ರಾಂಶ ತೆರೆಯದಿದ್ದರೆ ಇನ್ನೊಂದರಲ್ಲಿ ಪ್ರಯತ್ನಿಸಬೇಕು. ಅನೇಕ ಮೊಬೈಲುಗಳು ಬಳಸುವ ಎಂ4ಎ ಬಗೆಯಲ್ಲಿ ಒಳವಿವರದ ಸೂಚಿಯನ್ನು ಬಹುತೇಕ ಕೊನೆಯಲ್ಲಿ ಬರೆಯಲಾಗುತ್ತದೆ. ನಡುವೆ ಮುದ್ರಣ ನಿಂತರೆ ಸೂಚಿಯೇ ಇಲ್ಲ. ಅದೇ ಮೊಬೈಲಿನಲ್ಲಿ ಅದೇ ರೀತಿ ಮುದ್ರಿಸಿದ ಸರಿಯಾದ ಇನ್ನೊಂದು ಫೈಲನ್ನು ಮಾದರಿಯಾಗಿ ಕೊಟ್ಟರೆ ಬಲ್ಲವರು ಸೂಚಿಯನ್ನು ಮತ್ತೆ ಕಟ್ಟಬಲ್ಲರು. ಆದಕಾರಣ ಹಳೆಯ ಮೊಬೈಲನ್ನು ಅವಸರದಲ್ಲಿ ಮಾರಬಾರದು.

ಇನ್ನೊಂದು ಎಡವಟ್ಟು ತಿಳಿಯದೆ ಆಗುವಂಥದು. 2021ಕ್ಕಿಂತ ಹಿಂದಿನ ಆಡಾಸಿಟಿಯಲ್ಲಿ ಉಳಿಸಿದ ಕೆಲಸ ಎರಡಾಗಿ ಇರುತ್ತಿತ್ತು: ಒಂದು ಚಿಕ್ಕ ಫೈಲು, ಪಕ್ಕದಲ್ಲಿ "ಡೇಟಾ" ಎಂದು ಕೊನೆಗೊಳ್ಳುವ ಹೆಸರಿನ ಚೀಲ. ಧ್ವನಿಯೆಲ್ಲ ಇರುತ್ತಿದ್ದುದು ಚೀಲದಲ್ಲಿ. ಚಿಕ್ಕ ಫೈಲನ್ನು ಮಾತ್ರ ನಕಲು ಮಾಡಿಕೊಂಡವರಿಗೆ ಸಿಕ್ಕಿದ್ದು ಮೌನ. ಹಳೆಯ ಕಂಪ್ಯೂಟರಿನಲ್ಲಿ ಆ ಚೀಲವನ್ನು ಹುಡುಕಿ, ಫೈಲಿನ ಪಕ್ಕದಲ್ಲಿ ಇಟ್ಟರೆ ಮಾತು ಮರಳಬಹುದು. 2021ರ ಮೂರನೆಯ ಆವೃತ್ತಿಯಿಂದ ಎಲ್ಲವೂ ಒಂದೇ ಫೈಲಿನಲ್ಲಿದೆ. ಆದರೂ ಮುಗಿಸಿದ ಕೆಲಸವನ್ನು ಬೇರೆಯಾಗಿ ವೇವ್ ರೂಪದಲ್ಲಿ ತೆಗೆದಿಡುವುದೇ ಕ್ಷೇಮ.

ಎಲ್ಲವನ್ನೂ ಉಳಿಸಬಹುದೆಂದು ನಾವು ಹೇಳುವುದಿಲ್ಲ. ಮೆಮರಿ ಕಾರ್ಡಿನಿಂದ ಅಳಿಸಿದ ಧ್ವನಿಯ ಜಾಗದಲ್ಲಿ ಹೊಸ ಚಿತ್ರವೋ ಹಾಡೋ ಬಂದು ಕೂತರೆ ಅದನ್ನು ಮರಳಿ ಪಡೆಯಲಾಗದು. ತಪ್ಪು ತಿಳಿದ ಕೂಡಲೇ ಕಾರ್ಡಿನ ಬಳಕೆಯನ್ನು ನಿಲ್ಲಿಸಬೇಕು. ಇರುವ ಒಂದೇ ಪ್ರತಿಯ ಮೇಲೆ ಗದ್ದಲ ತೆಗೆಯುವ ಪ್ರಯೋಗವೂ ಸಲ್ಲದು. ಗದ್ದಲದೊಂದಿಗೆ ಮಾತಿನ ಕೊನೆಯ ಅಕ್ಷರಗಳೂ ಸವೆಯುತ್ತವೆ. ನೇಕಾರರ ಮನೆಯಲ್ಲಿ ಹಾಡಿನ ಹಿಂದೆ ಕೇಳುವ ಮಗ್ಗದ ಸದ್ದು ಕೂಡ ಕಳೆಯಬೇಕಾದ ಗದ್ದಲವಲ್ಲ, ಅದೂ ಇತಿಹಾಸ.

ಮನೆಮಂದಿ ಮಾಡಬೇಕಾದುದು ಹೆಚ್ಚೇನಿಲ್ಲ. ಮೇಲೆ ಹೇಳಿದ ಲೆಕ್ಕದಲ್ಲಿ ಒಂದು ಗಂಟೆಯ ವೇವ್ ಮುದ್ರಣಕ್ಕೆ ಸುಮಾರು 300 ಎಂ.ಬಿ. ಜಾಗ ಸಾಕು, 32 ಜಿ.ಬಿ.ಯ ಒಂದು ಪೆನ್‌ಡ್ರೈವಿನಲ್ಲಿ ನೂರು ಗಂಟೆಯ ಮಾತು ಹಿಡಿಯುತ್ತದೆ. ಮೂರು ಪ್ರತಿಗಳಿರಲಿ, ಒಂದು ಬೇರೆ ಊರಿನ ಬಂಧುಗಳ ಮನೆಯಲ್ಲಿರಲಿ. ಹಾಡಿದವರು ಯಾರು, ಯಾವ ಊರು, ಯಾವ ದಿನ ಎಂಬುದನ್ನು ಮುದ್ರಣದ ಮೊದಲಿಗೇ ಬಾಯಿಮಾತಿನಲ್ಲಿ ಹೇಳಿಸಬೇಕು. ವರ್ಷಕ್ಕೊಮ್ಮೆ ತೆರೆದು ಕೇಳಬೇಕು.

ಎಲ್ಲ ಭಾರವನ್ನೂ ಮನೆಯವರ ಹೆಗಲಿಗೆ ಹಾಕುವುದು ನ್ಯಾಯವಲ್ಲ. ಕೇರಳದ ಪ್ರೌಢಶಾಲೆಗಳಲ್ಲಿ 2018ರಲ್ಲಿ ಲಿಟಲ್ ಕೈಟ್ಸ್ ಎಂಬ ಮಕ್ಕಳ ಕಂಪ್ಯೂಟರ್ ಕೂಟಗಳು ಆರಂಭವಾದವು. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ತಿಂಗಳಿಗೊಂದು ಶನಿವಾರ ಊರವರ ಹಳೆಯ ಕ್ಯಾಸೆಟ್ಟು, ಕೆಟ್ಟ ಫೈಲುಗಳನ್ನು ತರಿಸಿಕೊಂಡು ಸರಿಪಡಿಸಲು ಕಲಿತರೆ, ವಿದ್ಯೆಯೂ ಬಂತು, ಮಾತೂ ಉಳಿಯಿತು. ಕನ್ನಡ ಸಂಘಗಳು ವಾರ್ಷಿಕೋತ್ಸವದ ಖರ್ಚಿನ ಒಂದಂಶವನ್ನು ಇದಕ್ಕೆ ತೆಗೆದಿಡಲಿ. ಅಂಥ ಅನುಕೂಲವಿಲ್ಲದ ಅವಿನಾಶಿ ಸೀಮೆಯ ಮನೆಗಳಿಗೂ ಈ ವಿದ್ಯೆಯನ್ನು ಮುಟ್ಟಿಸಲಿ. ಭಾಷೆಯ ಹಕ್ಕಿಗಾಗಿ ಕಚೇರಿಯ ಬಾಗಿಲು ತಟ್ಟುವ ನಾವು, ಮನೆಯ ಕಪಾಟಿನಲ್ಲಿ ಬಿದ್ದಿರುವ ಹಿರಿಯರ ಧ್ವನಿಯನ್ನು ಉಳಿಸಿಕೊಳ್ಳಲು ಯಾರ ಆದೇಶಕ್ಕೂ ಕಾಯಬೇಕಾಗಿಲ್ಲ.