ಆಷಾಢದ ಗಾಳಿಯನ್ನು ಚೈತ್ರದವರೆಗೆ ಎಲ್ಲಿ ಇಡೋಣ?

ಆಷಾಢದಲ್ಲಿ ಸವದತ್ತಿ ಗುಡ್ಡದ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತವೆ. ಬೇಸಿಗೆಯಲ್ಲಿ, ಪಂಪ್‌ಸೆಟ್ಟಿಗೆ ಕರೆಂಟು ಬೇಕೇ ಬೇಕು ಅನ್ನುವಾಗ, ಗಾಳಿ ಕೈಕೊಡುತ್ತದೆ. "ಈ ಗಾಳೀಲೆ ಹೈಡ್ರೋಜನ್ ಮಾಡಿ ಇಟ್ಕೊಂಡ್ರ ಬ್ಯಾಸಿಗ್ಯಾಗ ಬಳಸಾಕ ಬರೂದಿಲ್ಲೇನೋ ತಮ್ಮಾ?" ಎಂದು ಬೈಲಹೊಂಗಲದ ನಮ್ಮ ಕಾಕಾ ಕೇಳಿದರು. 2023ರ ಜನವರಿಯಲ್ಲಿ ಕೇಂದ್ರ ಸಂಪುಟ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಾಗಿನಿಂದ ಹೈಡ್ರೋಜನ್ ಮಾಡುವ ಮಾತೇ ಜಾಸ್ತಿ, ಅದನ್ನು ಇಡುವ ಮಾತು ಕಮ್ಮಿ.

ಹೈಡ್ರೋಜನ್ ದ್ರವವಾಗುವುದು ಮೈನಸ್ 253 ಡಿಗ್ರಿಯಲ್ಲಿ. ಹೊರಗಿನ ಶಾಖ ಎಳ್ಳಷ್ಟು ಒಳಹೊಕ್ಕರೂ ಅದು ಕುದಿಯುತ್ತದೆ. ಒತ್ತಡ ಏರದಂತೆ ಆ ಆವಿಯನ್ನು ಹೊರಬಿಡಲೇಬೇಕು. ಇನ್ನೊಂದು ಕಿತಾಪತಿಯೂ ಇದೆ. ಹೈಡ್ರೋಜನ್ ಅಣುವಿಗೆ ಆರ್ಥೋ, ಪ್ಯಾರಾ ಎಂಬ ಎರಡು ರೂಪ. ಸಾಮಾನ್ಯ ಉಷ್ಣತೆಯಲ್ಲಿ ಮುಕ್ಕಾಲು ಪಾಲು ಆರ್ಥೋ. ತಣ್ಣಗಾದ ಮೇಲೆ ಅದು ನಿಧಾನಕ್ಕೆ ಪ್ಯಾರಾ ಆಗುತ್ತಾ ಶಾಖ ಬಿಡುತ್ತದೆ, ಅದೂ ದ್ರವವನ್ನು ಆವಿ ಮಾಡಲು ಬೇಕಾದುದಕ್ಕಿಂತ ಹೆಚ್ಚು! ಹಾಗಾಗಿ ದ್ರವ ಮಾಡುವಾಗಲೇ ವೇಗವರ್ಧಕ ಬಳಸಿ ಈ ಬದಲಾವಣೆ ಮುಗಿಸಿಬಿಡಬೇಕು. ಇಲ್ಲದಿದ್ದರೆ ಎಂಥ ಟ್ಯಾಂಕೂ ಕಾಯುವುದಿಲ್ಲ.

ತಂತ್ರಜ್ಞಾನ ಇಲ್ಲವೆಂದಲ್ಲ. ನಾಸಾ ತನ್ನ ಕೆನಡಿ ಕೇಂದ್ರದಲ್ಲಿ ಸುಮಾರು 47 ಲಕ್ಷ ಲೀಟರಿನ ಗುಂಡನೆಯ ಟ್ಯಾಂಕು ಕಟ್ಟಿದೆ. ಎರಡು ಗೋಡೆಗಳ ನಡುವೆ ನಿರ್ವಾತ, ಅದರೊಳಗೆ ಟೊಳ್ಳಾದ ಗಾಜಿನ ಸೂಕ್ಷ್ಮ ಗುಳ್ಳೆಗಳು. ಟ್ಯಾಂಕಿನೊಳಗಿನ ಕೊಳವೆಯಲ್ಲಿ ತಣ್ಣನೆಯ ಹೀಲಿಯಂ ಹರಿಸಿ, ನುಸುಳಿದ ಶಾಖವನ್ನು ಹೊರಗೆಳೆದರೆ ಆವಿ ನಷ್ಟ ಸೊನ್ನೆಗೆ ಇಳಿಯುತ್ತದೆ ಎಂದು ಪರೀಕ್ಷೆಯಲ್ಲಿ ತೋರಿಸಿದ್ದಾರೆ. ಆದರೆ ಆ ಫ್ರಿಜ್ಜಿಗೂ ಕರೆಂಟು ಬೇಕಲ್ಲ! ಇಸ್ರೋದ ಕ್ರಯೋಜೆನಿಕ್ ಎಂಜಿನ್‌ಗೆ ಈ ಖರ್ಚು ಸರಿ, ರಾಕೆಟ್ಟಿಗೆ ತೂಕವೇ ಮುಖ್ಯ. ನಮ್ಮ ಪಂಪ್‌ಸೆಟ್ಟಿಗೆ?

ದ್ರವ ಮಾಡಲಿಕ್ಕೇ ಹೈಡ್ರೋಜನ್ನಿನ ಶಕ್ತಿಯ ಸುಮಾರು ಮೂರನೇ ಒಂದು ಪಾಲು ಹೋಗುತ್ತದೆ. ನೀರು ಒಡೆಯುವಾಗಿನ ನಷ್ಟ, ಮತ್ತೆ ಕರೆಂಟು ಮಾಡುವಾಗಿನ ನಷ್ಟ ಸೇರಿಸಿದರೆ, ಗಾಳಿಯ ನೂರು ಯೂನಿಟ್ಟಿನಲ್ಲಿ ಮರಳುವುದು ಕಾಲು ಪಾಲಿನ ಆಸುಪಾಸು. ಸವದತ್ತಿ ತಾಲೂಕಿಗೇ ಯೋಜಿಸಿರುವ, ರೇಣುಕಾ ಸಾಗರದ ನೀರನ್ನು ಗುಡ್ಡಕ್ಕೆ ಎತ್ತಿ ಮತ್ತೆ ಇಳಿಸುವಂಥ ಪಂಪ್ಡ್ ಸ್ಟೋರೇಜ್ ಬಗೆಯಲ್ಲಿ 75-80 ಯೂನಿಟ್ ಮರಳುತ್ತವೆ. ಆದರೆ ಅದು ಸಾಕಾಗುವುದು ರಾತ್ರಿಯಿಂದ ಬೆಳಗಿಗೆ, ಆಷಾಢದಿಂದ ಚೈತ್ರಕ್ಕಲ್ಲ.

ತಿಂಗಳುಗಟ್ಟಲೆ ಇಡಲೇಬೇಕೆಂದರೆ ಹೈಡ್ರೋಜನ್ನನ್ನು ಅಮೋನಿಯಾ ಮಾಡಬೇಕು ಅನ್ನುವುದು ನನ್ನ ವಾದ. ಮೈನಸ್ 33 ಡಿಗ್ರಿಗೇ ಅದು ದ್ರವ. ಅದನ್ನು ಮತ್ತೆ ಕರೆಂಟು ಮಾಡುವ ಹುಚ್ಚೂ ಬೇಡ, ಯೂರಿಯಾಕ್ಕೆ ಅದೇ ಕಚ್ಚಾವಸ್ತು. ಕಾಕಾ ಮುಂಗಾರಿನಲ್ಲಿ ಸರತಿಯಲ್ಲಿ ನಿಲ್ಲುವುದೂ ಆ ಗೊಬ್ಬರದ ಚೀಲಕ್ಕೇ.

ನೀರಿನ ಲೆಕ್ಕ ಬೇರೆ. ಒಂದು ಕಿಲೋ ಹೈಡ್ರೋಜನ್ನಿಗೆ ಕನಿಷ್ಠ 9 ಲೀಟರ್ ನೀರು ಬೇಕು, ಅದೂ ಶುದ್ಧ ನೀರು. ಮಲಪ್ರಭೆಯ ಇದೇ ನೀರನ್ನು ಹುಬ್ಬಳ್ಳಿ-ಧಾರವಾಡ ಕುಡಿಯುತ್ತದೆ. ಇದರ ಕಾಲುವೆಯ ಕರದ ವಿರುದ್ಧ ಎದ್ದ ನರಗುಂದ-ನವಲಗುಂದದ ರೈತರು 1980ರಲ್ಲಿ ಗೋಲಿಬಾರ್ ಕಂಡಿದ್ದಾರೆ. ನಾಳೆ ಯಾರಾದರೂ ಹೈಡ್ರೋಜನ್ ಘಟಕದ ನಕಾಶೆ ಹಿಡಿದು ಗ್ರಾಮಸಭೆಗೆ ಬಂದರೆ ಕೇಳಿ: ನೀರು ಯಾರ ಪಾಲಿನದು? ಟ್ಯಾಂಕಿನಿಂದ ದಿನಕ್ಕೆ ಎಷ್ಟು ಆವಿಯಾಗುತ್ತದೆ, ಆ ನಷ್ಟ ಯಾರ ಬಿಲ್ಲಿಗೆ ಸೇರುತ್ತದೆ?