ಬೀಗದ ಕೈ ಹಳೆಯ ಮನೆಯಲ್ಲೇ ಉಳಿದಾಗ

ಮನೆ ಬದಲಾಯಿಸಿದ ಸಂಸಾರಸ್ಥರಿಗೆಲ್ಲ ಒಂದು ಅನುಭವ ಉಂಟು. ಹೊಸ ಮನೆಯಲ್ಲಿ ಹಾಲು ಉಕ್ಕಿಸಿ ಆಗಿರುತ್ತದೆ. ಪಾತ್ರೆ ಪಡಗ, ಹಾಸಿಗೆ ಹೊದಿಕೆಗಳೆಲ್ಲ ಬಂದು ಸೇರಿರುತ್ತವೆ. ಆದರೂ ಅಂಚೆಯವನು ಹಳೆಯ ಬಾಗಿಲನ್ನೇ ತಟ್ಟುತ್ತಾನೆ. ಊರಿನಿಂದ ಬಂದ ನೆಂಟರು ಹಳೆಯ ಬೀದಿಯಲ್ಲೇ ಅಲೆಯುತ್ತಾರೆ. ಸಾಮಾನು ಬಂದ ಮಾತ್ರಕ್ಕೆ ಮನೆ ಬಂದಂತಾಗುವುದಿಲ್ಲ. ಸಣ್ಣ ಉದ್ಯಮಗಳು ತಮ್ಮ ಸರ್ವರನ್ನು ಬದಲಾಯಿಸುವಾಗ ಆಗುವ ಎಡವಟ್ಟೂ ಬಹುಮಟ್ಟಿಗೆ ಇದೇ ಬಗೆಯದು.

ಸರ್ವರು ಎಂದರೆ ಕಚೇರಿಯ ಉಳಿದ ಕಂಪ್ಯೂಟರುಗಳಿಗೆ ಹಿರಿಯಣ್ಣನಿದ್ದಂತೆ. ಯಾರು ಕಚೇರಿಯವರು, ಯಾರ ಗುಪ್ತಪದ ಯಾವುದು, ಯಾರಿಗೆ ಯಾವ ಕಡತ ತೆರೆಯುವ ಅಧಿಕಾರ ಎಂಬುದೆಲ್ಲ ಅದರ ಡೈರೆಕ್ಟರಿಯಲ್ಲಿ ದಾಖಲಾಗಿರುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯು 2000ನೆಯ ಇಸವಿಯಲ್ಲಿ ವಿಂಡೋಸ್ 2000ರೊಡನೆ ಹೊರತಂದ ಇಂತಹ ವ್ಯವಸ್ಥೆಗೆ ಆಕ್ಟಿವ್ ಡೈರೆಕ್ಟರಿ ಎಂದು ಹೆಸರು. ಸಣ್ಣ ವ್ಯಾಪಾರಿಗಳಿಗಾಗಿ ಬಂದ ಸ್ಮಾಲ್ ಬಿಸಿನೆಸ್ ಸರ್ವರ್ 2003 ಈ ಡೈರೆಕ್ಟರಿಯನ್ನೂ ಅಂಚೆಯನ್ನೂ ಕಡತಗಳನ್ನೂ ಒಂದೇ ಯಂತ್ರದ ಮೇಲೆ ಹೊರಿಸಿತ್ತು. 75 ಜನರವರೆಗೆ ಅದು ಸಾಕಾಗುತ್ತಿತ್ತು. 2015ರ ಜುಲೈ 14ರಂದು ಅದಕ್ಕೆ ತಯಾರಕರ ಬೆಂಬಲ ನಿಂತುಹೋಯಿತು.

ಆ ದಿನಗಳಲ್ಲಿ ಹೊಸ ಸರ್ವರಿಗೆ ಹೊರಟ ಒಂದು ಮುದ್ರಣಾಲಯವನ್ನು ಉದಾಹರಣೆಗೆ ಭಾವಿಸಬಹುದು. ಹದಿನೈದು ಜನರ ದುಡಿಮೆ. ಲಗ್ನಪತ್ರಿಕೆಗಳೇ ಮುಖ್ಯ ವ್ಯವಹಾರ. ಶನಿವಾರ ತಂತ್ರಜ್ಞನು ಬಂದು ವಿಂಡೋಸ್ ಸರ್ವರ್ 2012 ಆರ್2 ಇರುವ ಹೊಸ ಯಂತ್ರವನ್ನು ಹಳೆಯದರ ಪಕ್ಕದಲ್ಲಿ ನಿಲ್ಲಿಸಿ, ಅದನ್ನೂ ಡೈರೆಕ್ಟರಿಯ ಅಧಿಕಾರಿಯನ್ನಾಗಿ ನೇಮಿಸಿದನು. ಹದಿನೈದು ಹೆಸರುಗಳೂ ಹೊಸ ಪರದೆಯ ಮೇಲೆ ಸಾಲಾಗಿ ಕಂಡವು. ಡೈರೆಕ್ಟರಿಯ ಐದು ವಿಶೇಷ ಹೊಣೆಗಳನ್ನೂ ಹೊಸದರ ಹೆಗಲಿಗೇರಿಸಿ ಆಯಿತು. ಭಾನುವಾರ ಸಂಜೆ ಹಳೆಯ ಯಂತ್ರವನ್ನು ಆರಿಸಲಾಯಿತು. ಯಜಮಾನರು ನೆಮ್ಮದಿಯಿಂದ ಮನೆಗೆ ಹೋದರು.

ಸೋಮವಾರ ಬೆಳಗ್ಗೆ ಒಂದು ವಿಚಿತ್ರ ಕಂಡುಬಂದಿತು. ಹಳೆಯ ನೌಕರರೆಲ್ಲ ತಮ್ಮ ತಮ್ಮ ಕಂಪ್ಯೂಟರಿನೊಳಗೆ ಪ್ರವೇಶಿಸಿದರು. ಆದರೆ ದಿನವೂ ತಾನಾಗಿ ತೆರೆದುಕೊಳ್ಳುತ್ತಿದ್ದ ಪತ್ರಿಕೆಗಳ ಮಾದರಿಯ ಕಡತಕೋಶ ಕಾಣಿಸಲಿಲ್ಲ. ಹಿಂದಿನ ವಾರವಷ್ಟೇ ಕೆಲಸಕ್ಕೆ ಸೇರಿ, ಅಂದು ಮೊದಲ ಬಾರಿಗೆ ತನ್ನ ಮೇಜಿನ ಮುಂದೆ ಕುಳಿತ ಅಕ್ಷರಜೋಡಣೆಯ ಹುಡುಗಿಗಂತೂ, ಪ್ರವೇಶ ನೀಡುವ ಸರ್ವರೇ ಇಲ್ಲವೆಂದು ಯಂತ್ರ ಉತ್ತರ ಕೊಟ್ಟಿತು. ಇತ್ತ ಮಗಳ ಮದುವೆಯ ಕರಡು ತಿದ್ದಲು ಬಂದ ತಂದೆಯೊಬ್ಬರು ಬೆಂಚಿನ ಮೇಲೆ ಕುಳಿತು ಗಡಿಯಾರ ನೋಡುತ್ತಿದ್ದರು. ಮುಹೂರ್ತವು ಯಂತ್ರಕ್ಕಾಗಿ ಕಾಯುವುದುಂಟೆ?

ಕೆಲವರಿಗೆ ಪ್ರವೇಶ, ಕೆಲವರಿಗೆ ಇಲ್ಲ, ಇದೇಕೆ? ವಿಂಡೋಸ್ ಕಂಪ್ಯೂಟರು ಹಿಂದೆ ತನ್ನಲ್ಲಿ ಪ್ರವೇಶಿಸಿದವರ ಗುರುತನ್ನು ನೆನಪಿನಲ್ಲಿಟ್ಟುಕೊಂಡಿರುತ್ತದೆ. ಸರ್ವರು ಸಿಗದಿದ್ದರೂ ಆ ನೆನಪಿನ ಬಲದಿಂದಲೇ ಹಳಬರನ್ನು ಒಳಗೆ ಬಿಡುತ್ತದೆ. ಹೊಸಬರ ಗುರುತು ಅದಕ್ಕಿಲ್ಲ. ಆದುದರಿಂದ ಎಲ್ಲರಿಗೂ ಸರಿಯಿದ್ದು ಒಬ್ಬಳಿಗೆ ಮಾತ್ರ ತೊಂದರೆ ಎಂದು ಕಂಡದ್ದು, ನಿಜವಾಗಿ ಎಲ್ಲರ ತೊಂದರೆಯೇ ಆಗಿತ್ತು. ಆ ಹುಡುಗಿಯ ಗುಪ್ತಪದವನ್ನು ಬದಲಿಸಿ ಬದಲಿಸಿ ನೋಡಿದ್ದು ವ್ಯರ್ಥ ಪ್ರಯಾಸ.

ಇಂತಹ ಸಂದರ್ಭದಲ್ಲಿ ಮೊದಲು ನೋಡತಕ್ಕದ್ದು ವಿಳಾಸದ ಪ್ರಶ್ನೆಯನ್ನು. ಪ್ರತಿಯೊಂದು ಕಂಪ್ಯೂಟರೂ ಡೈರೆಕ್ಟರಿಯ ಅಧಿಕಾರಿ ಎಲ್ಲಿದ್ದಾನೆಂದು ಡಿಎನ್‌ಎಸ್ ಎಂಬ ವಿಳಾಸ ಸೇವೆಯನ್ನು ಕೇಳುತ್ತದೆ. ಮುದ್ರಣಾಲಯದ ಕಂಪ್ಯೂಟರುಗಳೆಲ್ಲ ಹಳೆಯ ಸರ್ವರನ್ನೇ ಕೇಳುವಂತೆ ನೇಮಕವಾಗಿದ್ದವು, ಅದೋ ಆರಿಹೋಗಿತ್ತು. ಹೊಸ ಸರ್ವರಿನ ವಿಳಾಸವನ್ನು ಕೊಟ್ಟಾಯಿತು. ಅಂತರಜಾಲ ಕಂಪನಿಯ ವಿಳಾಸವನ್ನು ಇಲ್ಲಿ ಕೊಡಕೂಡದು. ಜಗತ್ತಿನ ತಾಣಗಳನ್ನೆಲ್ಲ ಬಲ್ಲ ಆ ಸೇವೆಗೆ ಈ ಕಚೇರಿಯ ಒಳಮನೆ ತಿಳಿಯದು. ಗಡಿಯಾರಗಳನ್ನೂ ಪರೀಕ್ಷಿಸಿದರು. ಸರ್ವರಿಗೂ ಕಂಪ್ಯೂಟರಿಗೂ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಕರ್ಬೆರಾಸ್ ಎಂಬ ಗುರುತು ಪರೀಕ್ಷೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದೂ ಸರಿಯಾಗಿತ್ತು. ಆದರೂ ಬಾಗಿಲು ತೆರೆಯಲಿಲ್ಲ.

ಹಳೆಯ ಯಂತ್ರವನ್ನು ಮಾರದೆ ಇಟ್ಟಿದ್ದುದು ಪುಣ್ಯ. ಅದನ್ನು ಮತ್ತೆ ಹೊತ್ತಿಸಿದೊಡನೆ ಎಲ್ಲವೂ ಸರಾಗ! ಕರಡು ಅಚ್ಚಾಯಿತು, ತಂದೆಯವರು ತಿದ್ದುಪಡಿ ಮುಗಿಸಿ ಹೊರಟರು. ಯಜಮಾನರಿಗೆ ಹೊಸ ಯಂತ್ರವೇ ದೋಷಿಯೆಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ದೋಷವಿದ್ದುದು ಹಳೆಯದರಲ್ಲಿ.

ಡೈರೆಕ್ಟರಿಯ ಸಂಸಾರ ಎರಡು ಗಾಡಿಗಳಲ್ಲಿ ಸಾಗುತ್ತದೆ ಎಂಬುದನ್ನು ಇಲ್ಲಿ ತಿಳಿಯಬೇಕು. ಹೆಸರು, ಗುಪ್ತಪದಗಳು ಒಂದು ಗಾಡಿಯಲ್ಲಿ. ಕಚೇರಿಯ ನಿಯಮಗಳು ಮತ್ತು ಬೆಳಗಿನ ಪ್ರವೇಶದ ಆಜ್ಞೆಗಳಿರುವ ಸಿಸ್‌ವಾಲ್ ಎಂಬ ಕಡತಕೋಶ ಇನ್ನೊಂದರಲ್ಲಿ. ಆ ಕಾಲದ ವ್ಯವಸ್ಥೆಯಲ್ಲಿ ಎರಡನೆಯ ಗಾಡಿಗೆ ಎಫ್‌ಆರ್‌ಎಸ್ ಎಂದು ಹೆಸರು. ಸಿಸ್‌ವಾಲ್ ಬಂದು ಸೇರುವವರೆಗೆ ಹೊಸ ಸರ್ವರು ತಾನು ಅಧಿಕಾರಿಯೆಂದು ಹೊರಗೆ ಸಾರುವುದೇ ಇಲ್ಲ. ಪಟ್ಟಾಭಿಷೇಕವಾದರೂ ಮುದ್ರೆಯುಂಗುರ ಕೈಗೆ ಬರದ ಅರಸನ ಸ್ಥಿತಿ ಅದು.

ಎರಡನೆಯ ಗಾಡಿ ನಿಂತದ್ದೇಕೆ? ತಟ್ಟೆಯ ಮೇಲಿನ ಬದಲಾವಣೆಗಳನ್ನು ವಿಂಡೋಸ್ ಒಂದು ದಿನಚರಿಯಲ್ಲಿ ಬರೆಯುತ್ತದೆ. ಪುಟಗಳು ಮಿತವಾದ್ದರಿಂದ ಹಳೆಯ ಬರಹ ಅಳಿದು ಹೊಸದಕ್ಕೆ ಎಡೆಯಾಗುತ್ತದೆ. ಎಫ್‌ಆರ್‌ಎಸ್ ಓದುವ ಮೊದಲೇ ಪುಟ ಅಳಿದುಹೋದರೆ, ಎಲ್ಲಿಯವರೆಗೆ ಓದಿತ್ತೆಂಬುದು ತಿಳಿಯದೆ ಅದು ಅಲ್ಲಿಯೇ ಕೈಚೆಲ್ಲಿ ಕೂರುತ್ತದೆ. ಘಟನೆಗಳ ದಾಖಲೆಯಲ್ಲಿ 13568 ಎಂಬ ಸಂಖ್ಯೆ ಬೀಳುತ್ತದೆ. ಒಂದೇ ಸರ್ವರು ಇರುವ ಮನೆಯಲ್ಲಿ ಸಾಗಿಸಲು ಇನ್ನೊಂದು ಯಂತ್ರವಿಲ್ಲದ ಕಾರಣ, ಈ ರೋಗ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇರಬಲ್ಲದು. ಮುದ್ರಣಾಲಯದಲ್ಲಿ ನಡೆದದ್ದೂ ಅದೇ.

ಪರೀಕ್ಷೆ ಸುಲಭ. ಹೊಸ ಯಂತ್ರದಲ್ಲಿ ನೆಟ್ ಷೇರ್ ಎಂಬ ಆಜ್ಞೆ ಕೊಟ್ಟರೆ ಸಿಸ್‌ವಾಲ್, ನೆಟ್‌ಲಾಗಾನ್ ಎಂಬ ಎರಡು ಹೆಸರುಗಳು ಕಾಣಬೇಕು. ಕಾಣದಿದ್ದರೆ ಗಾಡಿ ಬಂದಿಲ್ಲವೆಂದೇ ಅರ್ಥ. ಡಿಸಿಡಯಾಗ್ ಎಂಬ ಪರೀಕ್ಷೆಯೂ ಇದನ್ನು ಬಾಯಿಬಿಟ್ಟು ಹೇಳುತ್ತದೆ.

ಚಿಕಿತ್ಸೆಯಲ್ಲಿ ಮಾತ್ರ ಎಚ್ಚರ ಬೇಕು. ಮೊದಲು ಹಳೆಯ ಯಂತ್ರದ ಪೂರ್ಣ ಪ್ರತಿಯನ್ನೂ, ಸಿಸ್‌ವಾಲ್ ಕೋಶದ ನಕಲನ್ನೂ ಬೇರೆಡೆ ಇಡಬೇಕು. ಬಳಿಕ ಎರಡರಲ್ಲಿಯೂ ಎಫ್‌ಆರ್‌ಎಸ್ ಸೇವೆಯನ್ನು ನಿಲ್ಲಿಸಿ, ರಿಜಿಸ್ಟ್ರಿಯ ಬರ್‌ಫ್ಲ್ಯಾಗ್ಸ್ ಎಂಬ ಸ್ಥಾನದಲ್ಲಿ ಹಳೆಯದಕ್ಕೆ ಡಿ4 ಎಂದೂ ಹೊಸದಕ್ಕೆ ಡಿ2 ಎಂದೂ ಬರೆಯಬೇಕು. ಡಿ4 ಎಂದರೆ ‘ನನ್ನದೇ ಮೂಲಪ್ರತಿ’. ಡಿ2 ಎಂದರೆ ‘ನಾನು ನಕಲು ಮಾಡಿಕೊಳ್ಳುವವನು’. ಮೊದಲು ಹಳೆಯದರಲ್ಲಿ, ಆಮೇಲೆ ಹೊಸದರಲ್ಲಿ ಸೇವೆಯನ್ನು ಆರಂಭಿಸಬೇಕು. ಅವಸರದಲ್ಲಿ ಡಿ4ನ್ನು ಹೊಸದಕ್ಕೆ ಬರೆದರೆ ಬರಿದಾದ ಕೋಶವೇ ಮೂಲವೆನಿಸಿ, ಇದ್ದ ನಿಯಮಗಳಿಗೂ ಸಂಚಕಾರ. ಎಲ್ಲವೂ ಸರಿಹೋದರೆ 13516 ಎಂಬ ಸಂಖ್ಯೆ ದಾಖಲೆಯಲ್ಲಿ ಮೂಡುತ್ತದೆ. ಮುದ್ರಣಾಲಯದಲ್ಲಿ ಅದು ಮೂಡಿದಾಗ ಹೊಸ ಯಂತ್ರದ ಎರಡು ಹೆಸರುಗಳೂ ಪ್ರತ್ಯಕ್ಷವಾದವು.

ಇಷ್ಟಾದ ಮೇಲೂ ಹಳೆಯದನ್ನು ಅನಂತಕಾಲ ಇಟ್ಟುಕೊಳ್ಳಲಾಗದು. ಐದು ಹೊಣೆಗಳೂ ತನ್ನಲ್ಲೇ ಇರಬೇಕೆಂಬುದು ಸ್ಮಾಲ್ ಬಿಸಿನೆಸ್ ಸರ್ವರಿನ ಕರಾರು. ಅವು ಕೈಬಿಟ್ಟ ಮೇಲೆ 2003ರ ಯಂತ್ರಕ್ಕೆ 7 ದಿನ, ತಕ್ಕ ತಿದ್ದುಪಡಿ ಹಾಕಿದ್ದರೆ 21 ದಿನ ಅವಕಾಶ. ಆಮೇಲೆ ಅದು ತಾನಾಗಿಯೇ ಮುಚ್ಚಿಕೊಳ್ಳತೊಡಗುತ್ತದೆ. ಹಾಗೆಂದು ತಟ್ಟನೆ ಕಿತ್ತೊಗೆಯುವುದೂ ಸಲ್ಲದು. ಡೈರೆಕ್ಟರಿಯ ಅಧಿಕಾರದಿಂದ ಕ್ರಮವಾಗಿ ನಿವೃತ್ತಿಗೊಳಿಸಬೇಕು. ಇಲ್ಲವಾದರೆ ಅದರ ಹೆಸರು ಪಟ್ಟಿಯಲ್ಲಿ ಉಳಿದು, ಸತ್ತವರ ಹೆಸರಿಗೆ ಬರುವ ಕಾಗದದಂತೆ ಬಹುಕಾಲ ಗೊಂದಲ ಕೊಡುತ್ತದೆ. ತಿಂಗಳುಗಟ್ಟಲೆ ಆರಿಸಿಟ್ಟ ಯಂತ್ರವನ್ನು ಮತ್ತೆ ಜೋಡಿಸುವುದೂ ಅಪಾಯಕರ. ಅಷ್ಟರಲ್ಲಿ ಅಳಿಸಿದ ಹೆಸರುಗಳು ಮರಳಿ ತಲೆಯೆತ್ತಬಹುದು. ಎಫ್‌ಆರ್‌ಎಸ್ ಗಾಡಿಯನ್ನೂ ಮುಂದೆ ಡಿಎಫ್‌ಎಸ್‌ಆರ್ ಎಂಬ ಹೊಸ ವ್ಯವಸ್ಥೆಗೆ ಬದಲಾಯಿಸಬೇಕು. ವಿಂಡೋಸ್ ಸರ್ವರ್ 2019 ಮತ್ತು ಅನಂತರದವು ಹಳೆಯ ಗಾಡಿಯಿರುವ ಮನೆಗೆ ಅಧಿಕಾರಿಗಳಾಗಿ ಬರಲು ಒಪ್ಪುವುದಿಲ್ಲ.

ಎರಡನೆಯ ಸಲ ಮುದ್ರಣಾಲಯದವರು ಅವಸರಪಡಲಿಲ್ಲ. ಕೆಲಸವಿಲ್ಲದ ಭಾನುವಾರ ಹಳೆಯ ಸರ್ವರಿನ ತಂತಿಯನ್ನು ಮಾತ್ರ ಬಿಡಿಸಿ, ಯಾರೂ ಎಂದೂ ಕುಳಿತಿರದ ಮೇಜಿನಲ್ಲಿ ಆ ಹೊಸ ಹುಡುಗಿಯನ್ನೇ ಕೂರಿಸಿ ನೋಡಿದರು. ಬಾಗಿಲು ತೆರೆಯಿತು; ಮಾದರಿಗಳ ಕೋಶವೂ ತೆರೆಯಿತು. ಅನಂತರವೇ ಹಳೆಯದಕ್ಕೆ ನಿವೃತ್ತಿ.

ಬಾಡಿಗೆ ಮನೆಯ ಬೀಗದ ಕೈಯನ್ನು ಹಿಂದಿರುಗಿಸುವ ಮೊದಲು ಹೊಸ ಮನೆಯಲ್ಲಿ ದೀಪ ಹಚ್ಚಿ ಒಂದು ರಾತ್ರಿ ಕಳೆದು ನೋಡುವುದು ಗೃಹಿಣಿಯರಿಗೆ ಯಾರೂ ಕಲಿಸಬೇಕಾಗಿಲ್ಲ. ಸರ್ವರಿನ ವಿಷಯದಲ್ಲಿಯೂ ಅಷ್ಟೇ ವಿವೇಕ ಸಾಕು.