ಒಂಟಿ ಮನುಷ್ಯನಿಗೂ ಒಂದು ಬಾಗಿಲು ಬೇಕು

ಕಳೆದ ಮಳೆಗಾಲದ ಮಾತು. ನಮ್ಮ ಶಾಲೆಯ ಎದುರಿನ ಬಸ್ ತಂಗುದಾಣದಲ್ಲಿ ಒಬ್ಬರು ಅಜ್ಜ ಮಲಗುತ್ತಿದ್ದರು. ಪ್ರಾಯದಲ್ಲಿ ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕಡಿದು ಬದುಕಿದವರು. ಮಕ್ಕಳಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಬಾಡಿಗೆ ಕಟ್ಟಲಾಗದೆ ಬಿಡಾರ ಬಿಟ್ಟರಂತೆ. ಬೆಳಗ್ಗೆ ನಮ್ಮ ಮಕ್ಕಳು ಬಸ್ಸಿಳಿಯುವ ಮೊದಲೇ ಚಾಪೆ ಸುತ್ತಿ ಬೆಂಚಿನ ಅಡಿಗೆ ತಳ್ಳಿ, ಏನೂ ಆಗದವರಂತೆ ಕುಳಿತಿರುತ್ತಿದ್ದರು.

ಒಂದು ದಿನ ಅವರ ಪ್ಲಾಸ್ಟಿಕ್ ಚೀಲ ಕಳವಾಯಿತು. ನಾನು ವಿಚಾರಿಸಿದಾಗ, "ದುಡ್ಡು ಇರಲಿಲ್ಲ ಮಾಷ್ಟ್ರೆ. ಆಧಾರ್ ಕಾರ್ಡು, ಆಸ್ಪತ್ರೆಯ ಚೀಟಿ ಇತ್ತು. ಬಾಗಿಲು ಹಾಕಿ ಮಲಗುವ ಒಂದು ಜಾಗ ಇದ್ದಿದ್ದರೆ ಅದು ಹೋಗುತ್ತಿರಲಿಲ್ಲ" ಎಂದರು.

ಮುಂದಿನ ಗ್ರಾಮಸಭೆಯಲ್ಲಿ ನಾನು ಎದ್ದುನಿಂತು ಇವರ ವಿಷಯ ಎತ್ತಿದೆ. ಪಟ್ಟಿಯಲ್ಲಿರುವುದು ಕುಟುಂಬಗಳು, ಒಂಟಿ ಜನರಿಗೆ ಮನೆ ಎಲ್ಲಿಂದ ಕೊಡುವುದು ಎಂಬ ಉತ್ತರ ಬಂತು. ಹಿಂದಿನ ಸಾಲಿನಿಂದ ಒಬ್ಬರು, "ಇಂಥವರಿಗೆ ಒಂದು ಹಾಲ್ ಕಟ್ಟಿ ಹತ್ತು ಮಂಚ ಹಾಕಿದರಾಯಿತು" ಎಂದರು. ಹಲವರು ತಲೆಯಾಡಿಸಿದರು. ಅಂದು ಸಮಯವಾಯಿತೆಂದು ಮಾತು ಅಲ್ಲಿಗೇ ನಿಂತಿತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಾಲ್ ಬೇಡ ಎಂದು ನಾನು ಹೇಳುವುದಿಲ್ಲ. ಜಡಿಮಳೆಯ ರಾತ್ರಿ ಯಾರಾದರೂ ನೆನೆಯುತ್ತಿದ್ದರೆ ಅವರನ್ನು ಒಳಗೆ ಸೇರಿಸಿಕೊಳ್ಳಲು ಅದು ಬೇಕು. ಆದರೆ ವರ್ಷಗಟ್ಟಲೆ ಬದುಕಲು ಅದು ಸಾಲದು. ಹಾಲ್‌ನಲ್ಲಿ ಮಲಗಿದವನಿಗೆ ಚೀಲ ತಲೆದಿಂಬಿನ ಅಡಿಯಲ್ಲೇ ಇರಬೇಕು. ಪಕ್ಕದವನು ಕೆಮ್ಮಿದರೆ ಇವನಿಗೆ ನಿದ್ದೆಯಿಲ್ಲ. ಸ್ವಂತಕ್ಕೊಂದು ಗಂಜಿ ಬೇಯಿಸುವಂತಿಲ್ಲ. ಬಸ್ ತಂಗುದಾಣದಲ್ಲಿ ಇಲ್ಲದ ಬಾಗಿಲು ಅಲ್ಲಿಯೂ ಇಲ್ಲ.

2011ರ ಜನಗಣತಿಯಲ್ಲಿ ದೇಶದಲ್ಲಿ 17.7 ಲಕ್ಷ ಜನ ಸೂರಿಲ್ಲದವರೆಂದು ಲೆಕ್ಕಕ್ಕೆ ಸಿಕ್ಕಿದರು. ರಸ್ತೆಬದಿ, ರೈಲ್ವೇ ಪ್ಲಾಟ್‌ಫಾರ್ಮ್, ದೇವಸ್ಥಾನದ ಮಂಟಪಗಳಲ್ಲಿ ಇರುವವರು ಇವರು. ನಮ್ಮ ಕೇರಳ ಮನೆ ಕೊಡುವುದರಲ್ಲಿ ಹಿಂದೆ ಬಿದ್ದ ರಾಜ್ಯವೇನೂ ಅಲ್ಲ. 2016ರಲ್ಲಿ ಘೋಷಣೆಯಾದ ಲೈಫ್ ಯೋಜನೆಯಿಂದ ಲಕ್ಷಗಟ್ಟಲೆ ಕುಟುಂಬಗಳು ಸ್ವಂತ ಮನೆ ಕಂಡಿವೆ. ಆದರೆ ಅಲ್ಲಿ ಲೆಕ್ಕ ನಡೆದದ್ದು ರೇಶನ್ ಕಾರ್ಡಿನ ಕುಟುಂಬದಿಂದ. ಕಾರ್ಡೂ ಇಲ್ಲದ, ಕುಟುಂಬವೂ ಇಲ್ಲದ ನಮ್ಮ ಅಜ್ಜನಂಥವರು ಯಾವ ಕಾಲಂನಲ್ಲಿ ಬರುತ್ತಾರೆ?

ಚಿಕ್ಕ ಮನೆ ಎಂದೊಡನೆ ನಮ್ಮೂರ ಹಿರಿಯರಿಗೆ ಲಕ್ಷಂವೀಡು ಕಾಲನಿ ನೆನಪಾಗುತ್ತದೆ. 1972ರಲ್ಲಿ ಅಚ್ಯುತ ಮೇನೋನ್ ಮಂತ್ರಿಮಂಡಲದಲ್ಲಿ ವಸತಿ ಸಚಿವರಾಗಿದ್ದ ಎಂ.ಎನ್. ಗೋವಿಂದನ್ ನಾಯರ್ ಆರಂಭಿಸಿದ ಒಂದು ಲಕ್ಷ ಮನೆಗಳ ಯೋಜನೆ ಅದು. ಭೂಮಿಯಿಲ್ಲದ ಬಡವರಿಗೆ ಅಷ್ಟು ದೊಡ್ಡ ಸಂಖ್ಯೆಯಲ್ಲಿ ಮನೆ ಕಟ್ಟಿದ್ದು ಸಣ್ಣ ಕೆಲಸವಲ್ಲ. ಆದರೆ ಖರ್ಚು ಉಳಿಸಲು ಬಹಳಷ್ಟು ಕಡೆ ಜೋಡಿ ಮನೆ ಕಟ್ಟಿದರು, ನಡುವೆ ಒಂದೇ ಗೋಡೆ. ನಾನು ಮಕ್ಕಳ ಮನೆಭೇಟಿಗೆ ಹೋದಾಗ ಅಂಥ ಮನೆಗಳನ್ನು ನೋಡಿದ್ದೇನೆ. ಈ ಕಡೆಯವರು ಹೊಸ ಮನೆ ಕಟ್ಟಲು ಗೋಡೆ ಕೆಡವಿದರೆ ಆ ಕಡೆಯವರ ಮಾಡು ಕುಸಿಯುತ್ತದೆ. ಆಚೆಯ ಜಗಳ ಈಚೆಯ ಮಗುವಿನ ಪಾಠಕ್ಕೆ ಕೇಳಿಸುತ್ತದೆ. ಒಂದು ಗೋಡೆಯ ಕಲ್ಲು ಉಳಿಸಿದ್ದರ ಫಲವನ್ನು ಎರಡು ಮನೆಯವರು ತಲೆಮಾರುಗಳ ಕಾಲ ಉಂಡರು.

ಹಾಗಾದರೆ ಒಬ್ಬರಿಗೆ ಎಷ್ಟು ದೊಡ್ಡ ಮನೆ ಬೇಕು? ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸಕ್ಕೆ ಒಂದೇ ಕೋಣೆ ಇದ್ದರೆ ಅದು 9.5 ಚದರ ಮೀಟರಿಗಿಂತ ಕಡಿಮೆ ಇರಬಾರದು, ಅಗಲ 2.4 ಮೀಟರಿಗಿಂತ ಕಡಿಮೆ ಇರಬಾರದು. ಅಂದರೆ ಸುಮಾರು 102 ಚದರಡಿ. ನಾನು ಮೇಸ್ತ್ರಿಯಲ್ಲ, ಇಂಜಿನಿಯರನೂ ಅಲ್ಲ. ಆದರೂ ಅಜ್ಜನ ಹತ್ತಿರ ಕುಳಿತು, ಅವರನ್ನೇ ಕೇಳಿ ಕೇಳಿ, ಶಾಲೆಯ ಚೌಕುಳಿ ಪುಸ್ತಕದಲ್ಲಿ ಒಂದು ನಕ್ಷೆ ಬರೆದೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆ. ಎದುರು ನಾಲ್ಕಡಿ ಜಗಲಿ. ಹಿಂದೆ ಅದೇ ಮಾಡಿನ ಅಡಿಯಲ್ಲಿ ಕಕ್ಕಸು ಮತ್ತು ಬಚ್ಚಲು.

ನಾನು ಮೊದಲು ಕಕ್ಕಸನ್ನು ಅಂಗಳದ ಮೂಲೆಗೆ ಹಾಕಿದ್ದೆ. ಅಜ್ಜ ನಕ್ಕರು. "ಆಟಿ ತಿಂಗಳ ರಾತ್ರಿ ಕೊಡೆ ಹಿಡಿದು ಅಲ್ಲಿಗೆ ಹೋಗುವವನು ನಾನಾ, ನೀವಾ?" ಎಂದು ಕೇಳಿದರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಾಸರಗೋಡಿನಲ್ಲಿ ಹುಟ್ಟಿ ಬೆಳೆದ ನನಗೇ ಅದು ಹೊಳೆಯಲಿಲ್ಲ! ಜಗಲಿ ಬೇಕೆಂದದ್ದೂ ಅವರೇ. ಸೌದೆ ಒಣಗಬೇಕು, ಯಾರಾದರೂ ಬಂದರೆ ಕೂರಬೇಕು. ಒಬ್ಬನೇ ಇರುವವನ ಮನೆಗೆ ಜಗಲಿಯೂ ಇಲ್ಲದಿದ್ದರೆ ಅದು ಜೈಲಿನ ಕೋಣೆಯಂತೆ ಎಂದರು. ಹೊಸ್ತಿಲು ತಗ್ಗಾಗಿರಬೇಕು, ಗೋಡೆಯಲ್ಲಿ ಕಾಗದ ಇಡಲು ಒಂದು ಗೂಡು ಇರಬೇಕು, ಬಾಗಿಲಿಗೆ ಒಳಗಿನಿಂದ ಚಿಲಕ, ಹೊರಗಿನಿಂದ ಬೀಗ. ಎದುರುಬದುರು ಎರಡು ಕಿಟಕಿ.

ಇದಕ್ಕೆ ದುಬಾರಿ ಸಾಮಾನು ಬೇಡ. ಲಾರಿ ಬೇಕರ್ ಇದೇ ಕೇರಳದಲ್ಲಿ ದಶಕಗಳ ಕಾಲ ಕಡಿಮೆ ಖರ್ಚಿನ ಮನೆಗಳನ್ನು ಕಟ್ಟಿ ತೋರಿಸಿದರು. ಇಟ್ಟಿಗೆಗಳ ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟಿ ಸುಮಾರು ಕಾಲುಭಾಗ ಇಟ್ಟಿಗೆ ಉಳಿಸುವುದು, ಕಾಂಕ್ರೀಟ್ ಮಾಡಿನೊಳಗೆ ಹಳೆ ಹಂಚು ಸೇರಿಸಿ ಸಿಮೆಂಟು ಉಳಿಸುವುದು, ಸಾರಣೆ ಇಲ್ಲದೆ ಗೋಡೆಯನ್ನು ಹಾಗೆಯೇ ಬಿಡುವುದು ಅವರ ರೀತಿ. ನಮ್ಮಲ್ಲಂತೂ ಕೆಂಪುಕಲ್ಲು ಕಾಲಡಿಯಲ್ಲೇ ಇದೆ. ಮಾಡಿನ ಅಂಚು ಉದ್ದಕ್ಕೆ ಚಾಚಿದ್ದರೆ ಮಳೆ ಗೋಡೆಗೆ ಹೊಡೆಯುವುದಿಲ್ಲ.

ಫಿನ್ಲೆಂಡ್ ದೇಶ 2008ರಿಂದ ಇದೇ ದಾರಿ ಹಿಡಿಯಿತು. ಸಾಲು ಮಂಚಗಳ ಆಶ್ರಯಮಂದಿರಗಳನ್ನು ಸಣ್ಣ ಸಣ್ಣ ವಾಸದ ಮನೆಗಳಾಗಿ ಬದಲಾಯಿಸಿ, ಮನೆಯಿಲ್ಲದವರಿಗೆ ಬಾಡಿಗೆ ಕರಾರು ಮಾಡಿ ಬೀಗದಕೈ ಕೊಟ್ಟರು. ಕುಡಿತ ಬಿಟ್ಟ ಮೇಲೆ, ಕೆಲಸ ಸಿಕ್ಕಿದ ಮೇಲೆ ಮನೆ ಎಂಬ ಷರತ್ತು ಇರಲಿಲ್ಲ. ಮೊದಲು ಮನೆ, ಉಳಿದದ್ದು ಆಮೇಲೆ. ಅದರಿಂದ ಅಲ್ಲಿ ಬಹಳ ಕಾಲದಿಂದ ಸೂರಿಲ್ಲದವರ ಸಂಖ್ಯೆ ಗಣನೀಯವಾಗಿ ಇಳಿಯಿತು.

ಅಷ್ಟು ದೂರ ಹೋಗುವುದೇಕೆ? ನಮ್ಮ ಬದಿಯಡ್ಕದ ಕಿಳಿಂಗಾರಿನ ಸಾಯಿರಾಂ ಭಟ್ಟರು ಕಾಶಿಯಾತ್ರೆಗೆಂದು ಕೂಡಿಟ್ಟ ಹಣದಲ್ಲಿ, ಮಳೆಗೆ ಗುಡಿಸಲು ಕಳೆದುಕೊಂಡ ಒಬ್ಬ ಬಡವನಿಗೆ ಮನೆ ಕಟ್ಟಿಕೊಟ್ಟರು. ಅದು 1995ರ ಮಾತು. 2022ರಲ್ಲಿ ತೀರಿಕೊಳ್ಳುವಾಗ ಅವರು ಕಟ್ಟಿಸಿದ ಮನೆಗಳು 250ಕ್ಕೂ ಹೆಚ್ಚು. ಜಾತಿ ಮತ ಭಾಷೆ ಕೇಳದೆ ಕೊಟ್ಟ ಚಿಕ್ಕ ಚಿಕ್ಕ ಮನೆಗಳು. ಒಬ್ಬ ಕೃಷಿಕನಿಂದ ಇಷ್ಟಾದರೆ ಒಂದು ಪಂಚಾಯತಿನಿಂದ ಐದು ಕೋಣೆ ಆಗದೇ?

ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಬಡವರಿಗೆ ಇಷ್ಟು ಸಾಕು ಎಂದು ಕುಟುಂಬಗಳಿಗೂ ಒಂದೇ ಕೋಣೆ ಕೊಡಲು ನನ್ನ ಮಾತನ್ನು ಯಾರೂ ಬಳಸಬಾರದು. ನಾನು ಹೇಳುತ್ತಿರುವುದು ಒಂಟಿ ಜನರ ವಿಷಯ. ಅವರಿಗೂ ಗೋಡೆ ಬೇರೆ ಬೇರೆ ಇರಲಿ, ಹಿತ್ತಿಲಲ್ಲಿ ಇನ್ನೊಂದು ಕೋಣೆಯಷ್ಟು ಜಾಗ ಬಿಟ್ಟಿರಲಿ. ಜಾಗ ಅಗ್ಗವೆಂದು ಬಸ್ಸಿಲ್ಲದ ಗುಡ್ಡೆಯ ತುದಿಯಲ್ಲಿ ಕಟ್ಟಿದರೆ ಅವರು ಮತ್ತೆ ಪೇಟೆಯ ಜಗಲಿಗೇ ಬರುತ್ತಾರೆ. ರೇಶನ್ ಅಂಗಡಿ, ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರವಿರಲಿ.

ಅಜ್ಜನ ಅರ್ಜಿ ಮಲಯಾಳದಲ್ಲಿತ್ತು. ಅವರಿಗೆ ಬರುವುದು ತುಳು ಮತ್ತು ಅಲ್ಪಸ್ವಲ್ಪ ಕನ್ನಡ ಓದು. ನಾನೂ ನಮ್ಮ ಏಳನೆಯ ತರಗತಿಯ ಇಬ್ಬರು ಮಕ್ಕಳೂ ಸೇರಿ ತುಂಬಿದೆವು. ವಿಳಾಸದ ಜಾಗಕ್ಕೆ ಬಂದಾಗ ಒಬ್ಬಳು ಪೆನ್ನು ನಿಲ್ಲಿಸಿ, "ಸಾರ್, ಇಲ್ಲಿ ಏನು ಬರೆಯುವುದು?" ಎಂದು ಕೇಳಿದಳು. ಕೊನೆಗೆ ನಮ್ಮ ಶಾಲೆಯ ವಿಳಾಸವನ್ನೇ ಬರೆದೆವು.

ನಿಮ್ಮ ಶಾಲೆಯ ಎದುರಿನ ಜಗಲಿಯಲ್ಲೂ ಇಂಥವರು ಒಬ್ಬರು ಇರಬಹುದು. ಅಧ್ಯಾಪಕರೇ, ರಕ್ಷಕರೇ, ಮುಂದಿನ ಗ್ರಾಮಸಭೆಗೆ ಹೋಗುವಾಗ ಅವರನ್ನೂ ಜೊತೆಯಲ್ಲಿ ಕರೆದುಕೊಂಡು ಹೋಗಿ. ಮನೆ ಹೇಗಿರಬೇಕೆಂದು ಅವರೇ ಹೇಳಲಿ. ನಾನು ನಕ್ಷೆಯೊಂದಿಗೆ ಹೋಗುತ್ತೇನೆ.